ಮನೆಗೆ ಯಾವ ಇಂಟರ್ನೆಟ್ ಹಾಕಿಸಬೇಕು? ರಾತ್ರಿ ಒಂಬತ್ತಕ್ಕೆ ಪರೀಕ್ಷೆ ಮಾಡಿ ನೋಡಿ

ಕೆಲವು ತಿಂಗಳಿಂದ ಒಂದೇ ಪ್ರಶ್ನೆ ಬೇರೆ ಬೇರೆ ಕಡೆಯಿಂದ ಬರುತ್ತಿದೆ. ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದರು: "ಕೇಬಲ್ ಟಿವಿಯವರು ಫೈಬರ್ ಕೊಡ್ತೀವಿ ಅಂತಾರೆ. ಬಿಎಸ್‌ಎನ್‌ಎಲ್ ಲೈನ್ ಪಂಚಾಯ್ತಿವರೆಗೆ ಬಂದಿದೆ ಅಂತಾರೆ. ಮಗ ಬೆಂಗಳೂರಿನಿಂದ ಫೋನ್ ಮಾಡಿ ಏರ್‌ಫೈಬರ್ ಹಾಕಿಸಿಬಿಡಿ ಅಂತಾನೆ. ನಾನು ಯಾವುದು ಮಾಡಲಿ?" (ಫೈಬರ್ ಅಂದರೆ ಗಾಜಿನ ಎಳೆಯಲ್ಲಿ ಬೆಳಕಾಗಿ ಬರುವ ಲೈನ್. ಏರ್‌ಫೈಬರ್ ಅಂದರೆ ಮೊಬೈಲ್ ಟವರಿನ 5ಜಿ ಸಿಗ್ನಲ್‌ನಿಂದ ಬರುವ ಇಂಟರ್ನೆಟ್.) ಬೆಂಗಳೂರಿನ ಬಾಡಿಗೆ ಮನೆಯಲ್ಲಿರುವ ಇನ್ನೊಬ್ಬರ ತಲೆನೋವು ಬೇರೆ. ಅವರ ಬಾಗಿಲಿಗೆ ನಾಲ್ಕು ಕಂಪನಿಯ ಪಾಂಪ್ಲೆಟ್ ಬಂದಿದೆ. ನಾಲ್ಕರಲ್ಲೂ "100 ಎಂಬಿಪಿಎಸ್, ಅನ್‌ಲಿಮಿಟೆಡ್" ಅಂತ ಒಂದೇ ಮಾತು.

ನಾನು ಮೊದಲು ಹೇಳುವುದು ಇಷ್ಟು. ಆ 100 ಅನ್ನುವ ವೇಗದ ಅಂಕಿಯನ್ನು ಪಕ್ಕಕ್ಕಿಡಿ. ಅದು ಎಲ್ಲರ ಪಾಂಪ್ಲೆಟ್‌ನಲ್ಲೂ ಇರುತ್ತದೆ. ರಾತ್ರಿ ಎಂಟರಿಂದ ಹತ್ತರವರೆಗೆ ಆ ಲೈನ್ ಹೇಗೆ ಓಡುತ್ತದೆ, ಲೈನ್ ಕೆಟ್ಟ ದಿನ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ, ಇವುಗಳ ಮೇಲೆ ಆರಿಸಿ. ಉಳಿದದ್ದೆಲ್ಲ ಇದರ ನಂತರ.

ಮೊದಲು ಅಳತೆಗೋಲು ಇಟ್ಟುಕೊಳ್ಳಿ

ಮದುವೆ ಮನೆಯಲ್ಲಿ ಎಂಟುನೂರು ಜನರನ್ನು ಕರೆದು ಇನ್ನೂರು ಎಲೆ ಹಾಕುತ್ತಾರೆ, ಅಲ್ವಾ? ಎಲ್ಲರೂ ಮೊದಲ ಪಂಕ್ತಿಗೇ ಕೂರುವುದಿಲ್ಲ ಅನ್ನುವ ಲೆಕ್ಕ. ಇಂಟರ್ನೆಟ್ ಕೊಡುವವರ ಲೆಕ್ಕವೂ ಇದೇ. ಮನೆಗೆ ಬರುವ ಫೈಬರ್ ಸಾಮಾನ್ಯವಾಗಿ ಜಿಪಾನ್ ಅನ್ನುವ ವ್ಯವಸ್ಥೆ. ಆಪರೇಟರ್ ಕಡೆಯ ಒಂದು ಪೋರ್ಟ್‌ನಿಂದ ಸುಮಾರು 2.5 ಜಿಬಿಪಿಎಸ್ ಹೊರಡುತ್ತದೆ (1 ಜಿಬಿಪಿಎಸ್ ಅಂದರೆ 1000 ಎಂಬಿಪಿಎಸ್). ದಾರಿಯಲ್ಲಿ ಒಂದು ಸ್ಪ್ಲಿಟರ್ ಅದನ್ನು 32 ಅಥವಾ 64 ಮನೆಗಳಿಗೆ ಹಂಚುತ್ತದೆ. 64 ಮನೆಗೂ 100 ಎಂಬಿಪಿಎಸ್ ಮಾರಿದರೆ ಒಟ್ಟು 6.4 ಜಿಬಿಪಿಎಸ್ ಆಯಿತು. ಇರುವುದು 2.5. ಇದು ಮೋಸವಲ್ಲ. ಎಲ್ಲರೂ ಒಂದೇ ಕ್ಷಣದಲ್ಲಿ ಪೂರ್ತಿ ವೇಗ ಎಳೆಯುವುದಿಲ್ಲ, ಅದಕ್ಕೇ ಈ ಬೆಲೆಗೆ ಸಿಗುತ್ತದೆ.

ತೊಂದರೆ ಇರುವುದು ಸ್ಪ್ಲಿಟರ್‌ನಿಂದ ಆಚೆ. ಆಪರೇಟರ್ ಮೇಲಿನ ಕಂಪನಿಯಿಂದ ಎಷ್ಟು ಬ್ಯಾಂಡ್‌ವಿಡ್ತ್ ಕೊಂಡಿದ್ದಾರೆ ಅನ್ನುವುದು ನಮಗೆ ಕಾಣುವುದಿಲ್ಲ. ಐನೂರು ಮನೆಗೆ ಕನೆಕ್ಷನ್ ಕೊಟ್ಟು ಮೇಲಿನಿಂದ 1 ಜಿಬಿಪಿಎಸ್ ಮಾತ್ರ ತಂದಿದ್ದರೆ, ಮಧ್ಯಾಹ್ನ ಸ್ಪೀಡ್ ಟೆಸ್ಟ್‌ನಲ್ಲಿ 98 ಬರುತ್ತದೆ, ರಾತ್ರಿ 9ಕ್ಕೆ 6 ಬರುತ್ತದೆ. ಕನೆಕ್ಷನ್ ಕೊಡುವ ಹುಡುಗ ಬಂದು ಟೆಸ್ಟ್ ಮಾಡಿ ತೋರಿಸುವುದು ಹೆಚ್ಚಾಗಿ ಹಗಲು ಹೊತ್ತಿನಲ್ಲಿ.

ಆದ್ದರಿಂದ ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ನಿಮ್ಮದೇ ಬೀದಿಯಲ್ಲಿ ಅದೇ ಕನೆಕ್ಷನ್ ಇರುವ ಮನೆಗೆ ಹೋಗಿ. ಮೂರು ರಾತ್ರಿ, ಒಂಬತ್ತರ ಹೊತ್ತಿಗೆ, ಅವರ ರೂಟರ್ ಪಕ್ಕದಲ್ಲೇ ಕೂತು ಟೆಸ್ಟ್ ಮಾಡಿ. ಮೂರರಲ್ಲಿ ಒಂದು ಭಾನುವಾರವಾಗಿರಲಿ. ಐಪಿಎಲ್ ಮ್ಯಾಚ್ ಇರುವ ರಾತ್ರಿ ಸಿಕ್ಕರೆ ಇನ್ನೂ ಒಳ್ಳೆಯದು. ವೈಫೈಯಲ್ಲಿ ಮಾಡುವುದಾದರೆ ರೂಟರಿನ ವೈಫೈ ಹೆಸರುಗಳಲ್ಲಿ 5 ಗಿಗಾಹರ್ಟ್ಸ್‌ನದಕ್ಕೆ ಸೇರಿಕೊಂಡು ಮಾಡಿ, ಇಲ್ಲದಿದ್ದರೆ ಲೈನಿನ ವೇಗದ ಬದಲು ವೈಫೈಯ ಸೋಮಾರಿತನವನ್ನು ಅಳೆದ ಹಾಗಾಗುತ್ತದೆ. ಡೌನ್‌ಲೋಡ್ ಮಾತ್ರ ನೋಡಬೇಡಿ, ಅಪ್‌ಲೋಡ್ ಮತ್ತು ಪಿಂಗ್ (ಸಂದೇಶ ಹೋಗಿ ಬರಲು ಹಿಡಿಯುವ ಹೊತ್ತು) ಕೂಡ ಬರೆದಿಟ್ಟುಕೊಳ್ಳಿ.

ಅಪ್‌ಲೋಡ್ ಯಾಕೆ ಮುಖ್ಯ ಅನ್ನುವುದು ನನಗೆ ನಮ್ಮ ಮನೆಯಲ್ಲೇ ತಿಳಿಯಿತು. ತಂಗಿ ಒಂದು ಮದುವೆಯಿಂದ ಬಂದು ಫೋನ್ ಚಾರ್ಜಿಗೆ ಹಾಕಿದಳು. ಅಷ್ಟರಲ್ಲಿ ನನ್ನ ಆಫೀಸ್ ಕರೆ ನಿಂತು ನಿಂತು ಬರತೊಡಗಿತು. ನನ್ನ ಮುಖ ಎಲ್ಲರ ಪರದೆಯಲ್ಲಿ ಬಾಯಿ ತೆರೆದಂತೆಯೇ ನಿಂತುಹೋಯಿತಂತೆ. ಡೌನ್‌ಲೋಡ್ ನೋಡಿದರೆ 70 ಇತ್ತು. ಆಮೇಲೆ ಗೊತ್ತಾಯಿತು. ಅವಳ ಫೋನ್ ನಾನೂರು ಫೋಟೋಗಳನ್ನು ಸುಮ್ನೆ ಬ್ಯಾಕಪ್‌ಗೆ ಕಳಿಸುತ್ತಿತ್ತು. ನಮ್ಮ ಪ್ಲಾನಿನ ಅಪ್‌ಲೋಡ್ ಇದ್ದದ್ದೇ ಕಡಿಮೆ. ಫೋಟೋಗಳು ಸಾಲುಗಟ್ಟಿ ನಿಂತಾಗ ನನ್ನ ಮಾತೂ ಅದೇ ಸಾಲಿನ ಹಿಂದೆ ನಿಂತಿತು. ಎಚ್‌ಡಿ ವಿಡಿಯೋ ಕರೆಗೆ 3ರಿಂದ 4 ಎಂಬಿಪಿಎಸ್ ಅಪ್‌ಲೋಡ್ ಸಾಕು, ಆದರೆ ಅಷ್ಟು ಯಾವಾಗಲೂ ಖಾಲಿ ಇರಬೇಕು. ಮನೆಯಿಂದ ಕೆಲಸ ಮಾಡುವವರು ಡೌನ್‌ಲೋಡ್‌ನಷ್ಟೇ ಅಪ್‌ಲೋಡ್ ಕೊಡುವ ಪ್ಲಾನ್ ಕೇಳಿ ಪಡೆಯಿರಿ. ಫೈಬರ್‌ನಲ್ಲಿ ಇದು ಸಿಗುತ್ತದೆ.

ಇನ್ನು ವೇಗ ಎಷ್ಟು ಬೇಕು ಅನ್ನುವ ಮಾತು. ಟಿವಿಯಲ್ಲಿ ಎಚ್‌ಡಿ ಸಿನಿಮಾಗೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ಬೇಕು ಅಂತ ನೆಟ್‌ಫ್ಲಿಕ್ಸ್‌ನವರೇ ಹೇಳುತ್ತಾರೆ. ನಾಲ್ಕು ಜನರ ಮನೆಗೆ ರಾತ್ರಿ ಒಂಬತ್ತಕ್ಕೂ ನಿಜವಾಗಿ 40 ಬಂದರೆ ಏನೂ ಕೊರತೆಯಾಗುವುದಿಲ್ಲ. ಇನ್ನೊಂದು ಗೊಂದಲ ತುಂಬಾ ಜನಕ್ಕಿದೆ. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 100 ಎಂಬಿ ಅಲ್ಲ. ಎಂಟರಿಂದ ಭಾಗಿಸಿ. ಸೆಕೆಂಡಿಗೆ 12.5 ಎಂಬಿ.

ಕೆಟ್ಟ ದಿನ ಯಾರು ಬರುತ್ತಾರೆ?

ನಾನು ಒಮ್ಮೆ ಒಂದು ಕಂಪನಿಗೆ ಇಡೀ ವರ್ಷದ ದುಡ್ಡನ್ನು ಒಟ್ಟಿಗೆ ಕಟ್ಟಿದೆ. ಎರಡು ತಿಂಗಳು ಫ್ರೀ ಅಂದಿದ್ದರು. ಐದನೇ ತಿಂಗಳಿಗೆ ರಸ್ತೆ ಅಗೆದರು, ಕೇಬಲ್ ತುಂಡಾಯಿತು. ಹನ್ನೊಂದು ದಿನ ಡಬ್ಬಿಯ ಮೇಲೆ ಕೆಂಪು ದೀಪ. ಆ್ಯಪ್‌ನಲ್ಲಿ ದೂರು ಕೊಟ್ಟರೆ ಮರುದಿನ "ನಿಮ್ಮ ದೂರು ಪರಿಹಾರವಾಗಿದೆ" ಅಂತ ಮೆಸೇಜು ಬರುತ್ತಿತ್ತು, ದೀಪ ಮಾತ್ರ ಹಾಗೇ ಕೆಂಪು. ಬಿಟ್ಟು ಬೇರೆ ಕಡೆ ಹೋಗೋಣ ಅಂದರೆ ಏಳು ತಿಂಗಳ ದುಡ್ಡು ಅಲ್ಲಿ ಸಿಕ್ಕಿಕೊಂಡಿತ್ತು. ಆಗಿನಿಂದ ನಾನು ಯಾರಿಗೂ ಮೊದಲ ಸಲವೇ ವರ್ಷದ ಪ್ಲಾನ್ ತಗೊಳ್ಳಿ ಅನ್ನುವುದಿಲ್ಲ. ಮೂರು ತಿಂಗಳು ನೋಡಿ. ಅದರಲ್ಲಿ ಒಂದಾದರೂ ಮಳೆಗಾಲದ ತಿಂಗಳಿರಲಿ.

ಇದಕ್ಕೆ ಪೂರ್ತಿ ಉಲ್ಟಾ ನೋಡಿದ್ದು ಚಿಕ್ಕಮ್ಮನ ಮನೆಯಲ್ಲಿ, ಮಲೆನಾಡಿನಲ್ಲಿ. ಅಲ್ಲಿ ಫೈಬರ್ ಅಡಿಕೆ ಮರದಿಂದ ಅಡಿಕೆ ಮರಕ್ಕೆ ಕಟ್ಟಿಕೊಂಡು ಬರುತ್ತದೆ. ಆಷಾಢದ ಗಾಳಿಗೆ ಒಂದು ಸೋಗೆ ಬಿದ್ದರೂ ಸಾಕು, ಲೈನ್ ಹೋಯಿತು. ಚಿಕ್ಕಮ್ಮ ಬೆಳಗ್ಗೆ ಎಂಟಕ್ಕೆ ಕೇಬಲ್ ಹುಡುಗನಿಗೆ ಫೋನ್ ಮಾಡಿದರು. ಹತ್ತಕ್ಕೆ ಅವನು ಕೊಡೆ ಹಿಡಿದು ತೋಟದಲ್ಲಿದ್ದ. ಕೇಬಲ್ಲಿನ ಕಪ್ಪು ಸಿಪ್ಪೆ ಸುಲಿದು, ಕೂದಲೆಳೆಯಂಥ ಗಾಜಿನ ಎಳೆಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಎಳೆ ಜೋಡಿಸುವ ಸ್ಪ್ಲೈಸಿಂಗ್ ಮಷಿನ್ನಿಗೆ ಇಟ್ಟ. ನಾನು ಕೊಡೆ ಹಿಡಿದು ನಿಂತೆ. ಒಂದು ಹನಿ ಬಿದ್ದರೂ ಮತ್ತೆ ಮೊದಲಿಂದ ಅಂದ. ಜೋಡಿಸುವ ಮೊದಲು, ಬೆಳಕಿನ ಬಲ ಅಳೆಯುವ ಪವರ್ ಮೀಟರ್‌ನಲ್ಲಿ ಮೈನಸ್ 31 ಇತ್ತು. ಜೋಡಿಸಿದ ಮೇಲೆ ಮೈನಸ್ 21. ಮೈನಸ್ 27ಕ್ಕಿಂತ ಕೆಳಗೆ ಹೋದರೆ ಮನೆಯ ಡಬ್ಬಿಗೆ ಬೆಳಕು ಸರಿಯಾಗಿ ಕಾಣುವುದಿಲ್ಲ ಅಂತ ಅವನೇ ಹೇಳಿದ್ದು. ನೀವೂ ಕನೆಕ್ಷನ್ ಹಾಕಿಸುವ ದಿನ ಈ ಮೀಟರ್ ತೋರಿಸಿ ಅನ್ನಿ. ಹಾಕಿದ ದಿನವೇ ಮೈನಸ್ 26 ಇದ್ದರೆ ಎಲ್ಲೋ ಕೇಬಲ್ ಮಡಚಿದೆ ಅಥವಾ ಜೋಡಣೆ ಸರಿಯಿಲ್ಲ. ಆಗಲೇ ಸರಿಮಾಡಿಸಿ.

ದೂರು ಕೇಳುವವರಿಲ್ಲದಿದ್ದರೆ ನಿಯಮ ನಿಮ್ಮ ಪರವಾಗಿದೆ. ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2012ರಲ್ಲಿ ಮಾಡಿದ ದೂರು ಪರಿಹಾರದ ನಿಯಮದ ಪ್ರಕಾರ ಪ್ರತಿ ದೂರಿಗೂ ಡಾಕೆಟ್ ನಂಬರ್ (ದೂರಿನ ಗುರುತಿನ ಸಂಖ್ಯೆ) ಕೊಡಲೇಬೇಕು. ಅಲ್ಲಿ ಸರಿಹೋಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಬರೆಯಬಹುದು, ಇದಕ್ಕೆ ಶುಲ್ಕವಿಲ್ಲ. ಟೆಲಿಕಾಂ ದೂರುಗಳನ್ನು ಗ್ರಾಹಕ ಆಯೋಗವೂ ಕೇಳಬಹುದು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮನೆಯ ಲೈನ್ ಮೂರು ದಿನಕ್ಕಿಂತ ಹೆಚ್ಚು ಸತ್ತಿದ್ದರೆ ಲೈನಿನ ಬಾಡಿಗೆಯಲ್ಲಿ ರಿಯಾಯಿತಿ ಕೇಳುವ ಹಕ್ಕಿದೆ. ಟ್ರಾಯ್‌ನ 2024ರ ಗುಣಮಟ್ಟದ ನಿಯಮದಲ್ಲಿ ಇನ್ನೊಂದು ಸೇರಿದೆ. ಜಿಲ್ಲಾ ಮಟ್ಟದಲ್ಲಿ ಮೊಬೈಲ್ ಸೇವೆ 24 ಗಂಟೆಗಿಂತ ಹೆಚ್ಚು ನಿಂತರೆ ಬಿಲ್ಲಿನಲ್ಲಿ ಕಡಿತ ಅಥವಾ ವ್ಯಾಲಿಡಿಟಿ ವಿಸ್ತರಣೆ ಕೊಡಬೇಕು. ಇದನ್ನೆಲ್ಲ ಕೇಳುವುದಕ್ಕೆ ನಿಮ್ಮ ಹತ್ತಿರ ಡಾಕೆಟ್ ನಂಬರ್, ದಿನಾಂಕ, ಕೆಂಪು ದೀಪದ ಒಂದು ಫೋಟೋ ಇರಲಿ. ನನ್ನ ಹನ್ನೊಂದು ದಿನದಲ್ಲಿ ನಾನು ಇವು ಯಾವುದನ್ನೂ ಇಟ್ಟುಕೊಂಡಿರಲಿಲ್ಲ. ಆ ದುಡ್ಡು ಹೋಗಿದ್ದು ಅದಕ್ಕೇ.

ಅನ್‌ಲಿಮಿಟೆಡ್ ಅಂದರೆ ಎಷ್ಟು?

ಅನ್‌ಲಿಮಿಟೆಡ್ ಅನ್ನುವ ಪ್ಲಾನಿಗೂ ಎಫ್‌ಯುಪಿ ಅನ್ನುವ ಮಿತಿ ಇರುತ್ತದೆ. ಫೈಬರ್‌ನಲ್ಲಿ ತಿಂಗಳಿಗೆ 3300 ಜಿಬಿ, ಏರ್‌ಫೈಬರ್‌ನಲ್ಲಿ 1000 ಜಿಬಿ ಅನ್ನುವುದು ಸಾಮಾನ್ಯವಾಗಿ ಕಾಣುವ ಅಂಕಿ. ಎಚ್‌ಡಿಯಲ್ಲಿ ಒಂದು ಗಂಟೆ ನೋಡಿದರೆ ಸುಮಾರು 3 ಜಿಬಿ ಹೋಗುತ್ತದೆ. ಅಂದರೆ ಒಂದು ಟಿವಿಯನ್ನು ತಿಂಗಳಿಡೀ ಹಗಲು ರಾತ್ರಿ ಬಿಟ್ಟರೂ 3300 ಜಿಬಿ ಮುಗಿಯುವುದಿಲ್ಲ. 1000 ಜಿಬಿ ಅಂದರೆ ದಿನಕ್ಕೆ ಸುಮಾರು 11 ಗಂಟೆ. ಒಂದು ಟಿವಿಯ ಮನೆಗೆ ಧಾರಾಳ. ಎರಡು ಟಿವಿ, ಗೇಮ್ ಡೌನ್‌ಲೋಡ್ ಮಾಡುವ ಮಗ, ಕ್ಲೌಡ್‌ಗೆ ರೆಕಾರ್ಡ್ ಆಗುವ ಮೂರು ಕ್ಯಾಮೆರಾ ಇದ್ದರೆ ತಿಂಗಳ ಕೊನೆಯ ವಾರ ಕಷ್ಟ.

ಮಿತಿ ಮುಗಿದ ಮೇಲೆ ಎಷ್ಟು ವೇಗ ಅಂತ ಕೇಳಿ. ತಂತಿ ಮೂಲಕ ಬರುವ ಬ್ರಾಡ್‌ಬ್ಯಾಂಡ್‌ನಲ್ಲಿ ಅದು 512 ಕೆಬಿಪಿಎಸ್‌ಗಿಂತ ಕೆಳಗೆ ಹೋಗಬಾರದು ಅಂತ ಟ್ರಾಯ್ 2016ರಲ್ಲಿ ಸೂಚನೆ ಕೊಟ್ಟಿತು. ಆದರೆ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವೇ 2023ರಿಂದ 2 ಎಂಬಿಪಿಎಸ್. ಹಾಗಾಗಿ 512ರಲ್ಲಿ ವಾಟ್ಸ್ಆ್ಯಪ್ ಮೆಸೇಜು ಹೋಗುತ್ತದೆ, ಬೇರೆ ಹೆಚ್ಚೇನೂ ಆಗುವುದಿಲ್ಲ.

ಇಲ್ಲಿ ಒಂದು ವ್ಯತ್ಯಾಸ ಗೊತ್ತಿರಲಿ. ಮಿತಿ ಮುಗಿದಾಗ ಎಲ್ಲವನ್ನೂ ಒಟ್ಟಿಗೆ ನಿಧಾನ ಮಾಡುವುದು ಕಂಪನಿಗೆ ಬಿಟ್ಟದ್ದು. ಆದರೆ ಒಂದು ಆ್ಯಪನ್ನು ಹಿಡಿದು ನಿಧಾನ ಮಾಡುವುದು, ಇನ್ನೊಂದನ್ನು ದುಡ್ಡು ತಗೊಂಡು ಮುಂದೆ ಬಿಡುವುದು ಸಲ್ಲದು. 2016ರ ಫೆಬ್ರವರಿಯಲ್ಲಿ ಟ್ರಾಯ್ ಒಂದೊಂದು ವೆಬ್‌ಸೈಟಿಗೆ ಒಂದೊಂದು ದರ ಇಡುವುದನ್ನು ನಿಷೇಧಿಸಿತು. ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ (ಆಯ್ದ ಕೆಲವು ಸೈಟುಗಳನ್ನು ಮಾತ್ರ ಉಚಿತವಾಗಿ ಕೊಡುವ ಯೋಜನೆ) ನಿಂತದ್ದು ಹಾಗೆ. 2018ರಲ್ಲಿ, ಎಲ್ಲ ಸೈಟುಗಳನ್ನೂ ಒಂದೇ ರೀತಿ ನೋಡಬೇಕು ಅನ್ನುವ ನೆಟ್ ನ್ಯೂಟ್ರಾಲಿಟಿಯನ್ನು ಪರವಾನಗಿಯ ಷರತ್ತಿಗೇ ಸೇರಿಸಿದರು. ಇದಕ್ಕಾಗಿ ಆಗ ಲಕ್ಷಗಟ್ಟಲೆ ಸಾಮಾನ್ಯ ಜನ ಟ್ರಾಯ್‌ಗೆ ಇಮೇಲ್ ಬರೆದಿದ್ದರು. ಇವತ್ತು ನಮ್ಮೂರಿನ ಹುಡುಗರು ಮಾಡಿದ ಕನ್ನಡ ಆ್ಯಪ್ ದೊಡ್ಡ ಕಂಪನಿಯ ಆ್ಯಪ್‌ನಷ್ಟೇ ವೇಗದಲ್ಲಿ ನಿಮ್ಮ ಫೋನಿಗೆ ಬರುತ್ತಿದ್ದರೆ ಈ ನಿಯಮ ಅದರ ಹಿಂದಿದೆ. ನಿಮ್ಮ ಲೈನಿನಲ್ಲಿ ಬೇರೆಲ್ಲ ಓಡಿ ಒಂದೇ ಸೈಟ್ ಮಾತ್ರ ದಿನಾ ಒದ್ದಾಡಿದರೆ, ಮೊಬೈಲ್ ಡೇಟಾದಲ್ಲಿ ಅದೇ ಸೈಟ್ ತೆರೆದು ಹೋಲಿಸಿ. ಆಮೇಲೆ ದೂರಿನಲ್ಲಿ ಆ ಮಾತನ್ನೇ ಬರೆಯಿರಿ.

ಕೊನೆಯ ಎರಡು ಅಳತೆ ಬೇಗ ಹೇಳಿಬಿಡುತ್ತೇನೆ. ಒಂದು, ಕರೆಂಟು. ರೂಟರ್ ಹೆಚ್ಚಾಗಿ 12 ವೋಲ್ಟಿನದು, ಅಂಗೈಯಗಲದ ಮಿನಿ ಯುಪಿಎಸ್ ಇಟ್ಟರೆ ಕೆಲವು ಗಂಟೆ ಓಡುತ್ತದೆ. ಫೈಬರ್ ದಾರಿಯ ಸ್ಪ್ಲಿಟರ್‌ಗೆ ಕರೆಂಟು ಬೇಕಿಲ್ಲ, ಆದರೆ ಆಪರೇಟರ್ ಕಡೆಯ ಮಷಿನ್ನಿಗೆ ಬೇಕು. ಅಲ್ಲಿ ಬ್ಯಾಟರಿ ಇದೆಯಾ ಅಂತ ಕೇಳಿ. ಎರಡು, ನಿಜವಾದ ಖರ್ಚು. ಪಾಂಪ್ಲೆಟ್‌ನ ದರದ ಮೇಲೆ 18% ಜಿಎಸ್‌ಟಿ ಬರುತ್ತದೆ. 500 ಅಂದರೆ 590. ಹಾಕಿಸುವ ಖರ್ಚು, ರೂಟರ್ ಡೆಪಾಸಿಟ್ ಬೇರೆ.

ಊರಿನ ಕೇಬಲ್‌ನವರ ಫೈಬರ್

ರಿಪೇರಿಯಲ್ಲಿ ಇವರನ್ನು ಮೀರಿಸುವವರಿಲ್ಲ. ನಿಮ್ಮ ಮನೆ ಗೊತ್ತು, ನಾಯಿ ಗೊತ್ತು, ಲೈನ್ ಯಾವ ಮರದ ಮೇಲೆ ಹೋಗಿದೆ ಅನ್ನುವುದೂ ಗೊತ್ತು. ಸಂಜೆ ಅಂಗಡಿ ಹತ್ತಿರ ಸಿಗುತ್ತಾರೆ, ಮುಖ ನೋಡಿ ಕೇಳಬಹುದು. ಆದರೆ ರಾತ್ರಿ ಒಂಬತ್ತರ ಪರೀಕ್ಷೆಯಲ್ಲಿ ಜಾಸ್ತಿ ಎಡವುವವರೂ ಇವರೇ, ಯಾಕಂದರೆ ಮೇಲಿನಿಂದ ಬ್ಯಾಂಡ್‌ವಿಡ್ತ್ ಕೊಳ್ಳುವುದು ದುಬಾರಿ. ಒಬ್ಬರಿಂದ ಒಬ್ಬರಿಗೆ ತುಂಬಾ ವ್ಯತ್ಯಾಸ ಇರುತ್ತದೆ. ಆದ್ದರಿಂದ ಪರೀಕ್ಷೆ ಇಲ್ಲದೆ ಇವರಿಗೆ ಹೂಂ ಅನ್ನಬೇಡಿ, ಪರೀಕ್ಷೆ ಇಲ್ಲದೆ ಬೇಡ ಅಂತಲೂ ಅನ್ನಬೇಡಿ.

ಬಿಲ್ಲು ಯಾರ ಹೆಸರಿನಲ್ಲಿದೆ ಅಂತ ನೋಡಿ. ಸಣ್ಣ ಪ್ರದೇಶಕ್ಕೆ ಮಾತ್ರ ಸೇವೆ ಕೊಡಲು ಸಿ ವರ್ಗದ ಪರವಾನಗಿ ಇದೆ. ಕೆಲವರು ಅದನ್ನು ಸ್ವಂತ ಪಡೆದಿರುತ್ತಾರೆ, ಕೆಲವರು ದೊಡ್ಡ ಕಂಪನಿಯ ಫ್ರಾಂಚೈಸಿ. ಎರಡೂ ಸರಿ. ಜಿಎಸ್‌ಟಿ ನಂಬರ್ ಇಲ್ಲದ ಕೈಬರಹದ ಚೀಟಿ ಕೊಟ್ಟರೆ ಮಾತ್ರ ಯೋಚಿಸಿ, ನಾಳೆ ದೂರು ಕೊಡಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ನಗರದಲ್ಲಾದರೆ ಇನ್ನೊಂದು ಅಪಾಯ ಇದೆ. ಬೆಂಗಳೂರಿನಲ್ಲಿ ಪಾಲಿಕೆಯವರು, ಬೆಸ್ಕಾಂನವರು ಕಂಬದ ಮೇಲೆ ಅನುಮತಿಯಿಲ್ಲದೆ ನೇತಾಡುವ ಕೇಬಲ್‌ಗಳನ್ನು ಆಗಾಗ ಕತ್ತರಿಸುತ್ತಾರೆ. ಜನರ ತಲೆಗೆ, ಬೈಕಿಗೆ ಸುತ್ತಿಕೊಳ್ಳುವ ಕೇಬಲ್ ತೆಗೆಯಲೇಬೇಕು, ಅದು ಸರಿಯೇ. ಆದರೆ ಆ ದಿನ ನಿಮ್ಮ ಮೀಟಿಂಗ್ ಇದ್ದರೆ ಕಷ್ಟ.

ದೊಡ್ಡ ಕಂಪನಿಯ ಫೈಬರ್

ಜಿಯೋ, ಏರ್‌ಟೆಲ್, ಬೆಂಗಳೂರಿನಲ್ಲಿ ಆ್ಯಕ್ಟ್ ಈ ಸಾಲಿನವರು. ರಾತ್ರಿಯ ವೇಗ ಸಾಮಾನ್ಯವಾಗಿ ಕುಸಿಯುವುದಿಲ್ಲ. ಯೂಟ್ಯೂಬ್, ನೆಟ್‌ಫ್ಲಿಕ್ಸ್‌ನಂಥವರ ಸರ್ವರ್‌ಗಳನ್ನು ಇವರು ತಮ್ಮ ನೆಟ್‌ವರ್ಕಿನ ಒಳಗೇ ಇಟ್ಟುಕೊಂಡಿರುತ್ತಾರೆ, ಹಾಗಾಗಿ ಸಿನಿಮಾ ದೂರದಿಂದ ಬರಬೇಕಿಲ್ಲ. ಒಟಿಟಿ ಸೇರಿಸಿ ಕೊಡುವ ಪ್ಲಾನ್‌ಗಳೂ ಇವರಲ್ಲೇ ಜಾಸ್ತಿ. ನೀವು ಹೇಗೂ ಆ ಒಟಿಟಿಗೆ ದುಡ್ಡು ಕೊಡುತ್ತಿದ್ದರೆ ಲಾಭ. ಇಲ್ಲದಿದ್ದರೆ ಬರೀ ಇಂಟರ್ನೆಟ್ಟಿನ ಪ್ಲಾನ್ ಕೇಳಿ ಪಡೆಯಿರಿ, ಅದನ್ನು ಅವರಾಗಿ ತೋರಿಸುವುದಿಲ್ಲ.

ಕೊರತೆ ಇರುವುದು ರಿಪೇರಿಯಲ್ಲಿ. ಬರುವ ಹುಡುಗ ಗುತ್ತಿಗೆಯವನು, ದಿನಕ್ಕೆ ಇಷ್ಟು ದೂರು ಮುಗಿಸಬೇಕು ಅನ್ನುವ ಒತ್ತಡ ಅವನಿಗೆ. ಒಂದೇ ಮನೆಯ ತೊಂದರೆಯಾದರೆ ಬೇಗ ಆಗುತ್ತದೆ, ಇಡೀ ಬೀದಿಯ ಕೇಬಲ್ ಹೋದರೆ ಕಾಯಬೇಕು. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಬೇರೆಯೇ ಸಮಸ್ಯೆ. ಬಿಲ್ಡರ್ ಒಬ್ಬರೊಂದಿಗೆ ಮಾತ್ರ ಒಪ್ಪಂದ ಮಾಡಿಕೊಂಡಿರುತ್ತಾರೆ. ಕಟ್ಟಡದೊಳಗೆ ಹೀಗೆ ಒಬ್ಬರಿಗೇ ಏಕಸ್ವಾಮ್ಯ ಇರಬಾರದು ಅಂತ ಟ್ರಾಯ್ 2017ರಲ್ಲೇ ಶಿಫಾರಸು ಮಾಡಿದೆ. ಅಸೋಸಿಯೇಷನ್ ಸಭೆಯಲ್ಲಿ ಎರಡನೇ ಕಂಪನಿಗೆ ಜಾಗ ಕೊಡಿ ಅಂತ ಕೇಳುವುದು ಅತಿಯಾಸೆ ಅಲ್ಲ.

ಬಿಎಸ್‌ಎನ್‌ಎಲ್ ಫೈಬರ್

ಹಳ್ಳಿಯವರು ಇದನ್ನು ಹಳೇ ಲ್ಯಾಂಡ್‌ಲೈನಿನ ನೆನಪಿನಲ್ಲಿ ತಳ್ಳಿಹಾಕಬೇಡಿ. ಈಗ ಮನೆಗೆ ಬರುವುದು ತಾಮ್ರದ ತಂತಿಯಲ್ಲ, ಫೈಬರ್. ಗ್ರಾಮ ಪಂಚಾಯ್ತಿಗಳಿಗೆ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಭಾರತ್‌ನೆಟ್ ಅನ್ನುವ ಹೆಸರು ಬಂದದ್ದು 2015ರಲ್ಲಿ. 2023ರಲ್ಲಿ ಸುಮಾರು 1.39 ಲಕ್ಷ ಕೋಟಿ ರೂಪಾಯಿಯ ಹೊಸ ಹಂತಕ್ಕೆ ಮಂಜೂರಾತಿ ಸಿಕ್ಕಿತು. ಪಂಚಾಯ್ತಿ ಕಟ್ಟಡದವರೆಗೆ ಬಂದ ಲೈನನ್ನು ಅಲ್ಲಿಂದ ಮನೆಗಳಿಗೆ ಎಳೆಯುವುದು ಸ್ಥಳೀಯ ಪಾಲುದಾರರು. ಬಂದ ಬಾಡಿಗೆಯಲ್ಲಿ ಅವರಿಗೊಂದು ಪಾಲು.

ಬಿಎಸ್‌ಎನ್‌ಎಲ್ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಪ್ರಶ್ನೆಗೆ ಒಂದೇ ಉತ್ತರ ಇಲ್ಲದಿರುವುದು ಇದರಿಂದಲೇ. ನಿಮ್ಮ ಊರಿನ ಪಾಲುದಾರ ಚುರುಕಾಗಿದ್ದರೆ ಇದಕ್ಕಿಂತ ಒಳ್ಳೆಯ ಆಯ್ಕೆ ಹಳ್ಳಿಯಲ್ಲಿ ಇಲ್ಲ. ದರ ಕಡಿಮೆ, ಲ್ಯಾಂಡ್‌ಲೈನ್ ಕರೆಯೂ ಸಿಗುತ್ತದೆ, ಮೊಬೈಲ್ ಸಿಗ್ನಲ್ ಇಲ್ಲದ ಮನೆಯಲ್ಲಿ ವಯಸ್ಸಾದವರಿಗೆ ಅದೇ ಆಸರೆ. ಅವನು ಸೋಮಾರಿಯಾದರೆ ತಾಲ್ಲೂಕಿನ ಎಕ್ಸ್‌ಚೇಂಜಿಗೆ ಅಲೆಯಬೇಕಾಗುತ್ತದೆ. ಹಾಕಿಸುವ ಮೊದಲು ಆಫೀಸಿಗೆ ಹೋಗಿ "ನಮ್ಮ ಊರಿನ ಪಾಲುದಾರ ಯಾರು?" ಅಂತ ಕೇಳಿ, ಅವರ ಇಬ್ಬರು ಗಿರಾಕಿಗಳ ಹತ್ತಿರ ಮಾತಾಡಿ.

ಏರ್‌ಫೈಬರ್

ಹೆಸರಿನಲ್ಲಿ ಫೈಬರ್ ಇದ್ದರೂ ಮನೆಗೆ ಬರುವುದು 5ಜಿ ಸಿಗ್ನಲ್. ಏರ್‌ಟೆಲ್, ಜಿಯೋ ಎರಡೂ 2023ರಲ್ಲಿ ಶುರುಮಾಡಿದವು. ಮಹಡಿ ಮೇಲೋ ಗೋಡೆ ಮೇಲೋ ಒಂದು ಡಬ್ಬಿ ಕೂರಿಸುತ್ತಾರೆ, ಅದು ಟವರಿನಿಂದ ಸಿಗ್ನಲ್ ಹಿಡಿದು ಒಳಗಿನ ರೂಟರ್‌ಗೆ ಕೊಡುತ್ತದೆ. ಬೀದಿ ಅಗೆಯುವುದು ಇಲ್ಲ. ಬಾಡಿಗೆ ಮನೆಯವರಿಗೆ, ಫೈಬರ್ ಇನ್ನೂ ಬಾರದ ಹೊಸ ಲೇಔಟಿನವರಿಗೆ ಇದು ನಿಜಕ್ಕೂ ಅನುಕೂಲ.

ಆದರೆ ಟವರನ್ನು ಹಂಚಿಕೊಳ್ಳುವುದು ನಿಮ್ಮ ಬೀದಿಯ 64 ಮನೆಗಳಲ್ಲ, ಆ ಸುತ್ತಿನಲ್ಲಿ ಓಡಾಡುವ ಎಲ್ಲ ಫೋನುಗಳು. ಜಾತ್ರೆ ದಿನ, ಮ್ಯಾಚ್ ರಾತ್ರಿ ವ್ಯತ್ಯಾಸ ಗೊತ್ತಾಗುತ್ತದೆ. ಟವರಿನಿಂದ ನಮ್ಮ ಕಡೆಗೆ ಬರಲು ಹೆಚ್ಚು ಹೊತ್ತು, ಇಲ್ಲಿಂದ ಹೋಗಲು ಕಡಿಮೆ ಹೊತ್ತು ಅಂತ ಹಂಚಿರುತ್ತಾರೆ, ಹಾಗಾಗಿ ಅಪ್‌ಲೋಡ್ ಕಡಿಮೆ. 5ಜಿ ಹೆಚ್ಚಾಗಿ ಓಡುವ 3.3 ಗಿಗಾಹರ್ಟ್ಸ್‌ನಿಂದ ಮೇಲಿನ ಅಲೆಗಳಿಗೆ ದಟ್ಟ ಎಲೆಗಳನ್ನು ದಾಟುವುದು ಕಷ್ಟ. ತೋಟದ ನಡುವಿನ ಮನೆಯವರು ಬೇಸಿಗೆಯಲ್ಲಿ ಮಾತ್ರ ಟೆಸ್ಟ್ ಮಾಡಿ ಒಪ್ಪಿಕೊಳ್ಳಬೇಡಿ. ಮಳೆ ಬಂದು ಮರಗಳು ಚಿಗುರಿ ಒದ್ದೆಯಾಗಿ ನಿಂತಾಗ ಸಿಗ್ನಲ್ ಬೇರೆಯೇ ಇರುತ್ತದೆ. ಕಂಪನಿಗಳು ತಮ್ಮ ಕವರೇಜ್ ನಕ್ಷೆಯನ್ನು ವೆಬ್‌ಸೈಟಿನಲ್ಲಿ ಹಾಕಬೇಕು ಅಂತ ಟ್ರಾಯ್ ನಿಯಮವಿದೆ. ಅದನ್ನು ನೋಡಿ, ಆಮೇಲೆ ಅದೇ ಕಂಪನಿಯ 5ಜಿ ಸಿಮ್ ಇರುವ ಫೋನನ್ನು ಮಹಡಿಗೆ ಒಯ್ದು ರಾತ್ರಿ ಟೆಸ್ಟ್ ಮಾಡಿ.

ಮೊಬೈಲ್ ಹಾಟ್‌ಸ್ಪಾಟ್, ಉಪಗ್ರಹ

ಒಬ್ಬರೇ ಇದ್ದು, ಮೆಸೇಜು, ಯುಪಿಐ, ಸ್ವಲ್ಪ ಯೂಟ್ಯೂಬ್ ಅಷ್ಟೇ ಆದರೆ ಹಾಟ್‌ಸ್ಪಾಟ್ ಸಾಕು. ಟಿವಿ ಬಂದ ದಿನ ಲೆಕ್ಕ ಕೆಡುತ್ತದೆ. ದಿನಕ್ಕೆ 2 ಜಿಬಿ ಅಂದರೆ ಎಚ್‌ಡಿಯಲ್ಲಿ ನಲವತ್ತು ನಿಮಿಷ.

ಉಪಗ್ರಹದ ಬಗ್ಗೆ ತುಂಬಾ ಜನ ಕೇಳುತ್ತಾರೆ. ಹಳೆಯ ಬಗೆಯ ಉಪಗ್ರಹ 36,000 ಕಿಲೋಮೀಟರ್ ಮೇಲಿದೆ, ಮಾತು ಹೋಗಿ ಬರಲು ಅರ್ಧ ಸೆಕೆಂಡಿಗಿಂತ ಜಾಸ್ತಿ. ಸ್ಟಾರ್‌ಲಿಂಕ್‌ನವು ಸುಮಾರು 500 ಕಿಲೋಮೀಟರ್ ಎತ್ತರದಲ್ಲಿ ಓಡುವುದರಿಂದ ವಿಡಿಯೋ ಕರೆಗೆ ತೊಂದರೆಯಿಲ್ಲ. ಭಾರತದಲ್ಲಿ ಅದಕ್ಕೆ 2025ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿತು. ಕಂಬವೂ ಇಲ್ಲ, ಟವರೂ ಇಲ್ಲ ಅನ್ನುವ ಘಟ್ಟದ ಮನೆಗಳಿಗೆ ಇದು ದೊಡ್ಡ ಆಸೆ. ಆದರೆ ತಟ್ಟೆಗೆ ಆಕಾಶ ಅಗಲವಾಗಿ ಕಾಣಬೇಕು, ಜೋರು ಮಳೆಗೆ ಸಿಗ್ನಲ್ ಕುಗ್ಗುತ್ತದೆ. ಫೈಬರ್ ಬರುವ ದಾರಿ ಇರುವವರು ಇದಕ್ಕಾಗಿ ಕಾಯುವುದು ಬೇಡ.

ಹಾಗಾದರೆ ಯಾರಿಗೆ ಯಾವುದು?

ನಗರದಲ್ಲಿ ಗಂಡ ಹೆಂಡತಿ ಇಬ್ಬರೂ ಮನೆಯಿಂದ ಕೆಲಸ ಮಾಡುವವರಾದರೆ, ದೊಡ್ಡ ಕಂಪನಿಯ ಫೈಬರ್, ಅಪ್‌ಲೋಡ್ ಸಮನಾಗಿರುವ 100 ಎಂಬಿಪಿಎಸ್ ಪ್ಲಾನ್. 300ಕ್ಕೆ ಹೋಗುವ ದುಡ್ಡಿನಲ್ಲಿ ಬೇರೆ ಕಂಪನಿಯ ಸಿಮ್ ಒಂದನ್ನು ತುರ್ತಿಗೆ ಇಟ್ಟುಕೊಳ್ಳಿ. ಎರಡು ಫೈಬರ್ ಹಾಕಿಸುವುದಾದರೆ ಎರಡೂ ಒಂದೇ ಕಂಬದ ಮೇಲೆ ಬರದ ಹಾಗೆ ನೋಡಿಕೊಳ್ಳಿ, ಕಂಬ ಬಿದ್ದರೆ ಎರಡೂ ಹೋಗುತ್ತವೆ.

ವರ್ಷಕ್ಕೊಮ್ಮೆ ಮನೆ ಬದಲಿಸುವ ಹುಡುಗ ಹುಡುಗಿಯರಿಗೆ ಏರ್‌ಫೈಬರ್, ಅಥವಾ ಮೂವರು ಸೇರಿ ಒಂದು ಫೈಬರ್. 40 ಎಂಬಿಪಿಎಸ್ ಪ್ಲಾನನ್ನು ಮೂವರು ಹಂಚಿಕೊಂಡರೆ ತಲೆಗೆ ಸುಮಾರು ಇನ್ನೂರು ರೂಪಾಯಿ ಬರುತ್ತದೆ.

ಹೋಂಸ್ಟೇ, ಅಂಗಡಿ, ಸೈಬರ್ ಸೆಂಟರ್ ನಡೆಸುವವರು ರಿಪೇರಿಗೇ ಮೊದಲ ಅಂಕ ಕೊಡಿ. ಒಂದು ದಿನ ಲೈನ್ ಇಲ್ಲ ಅಂದರೆ ಯುಪಿಐ ಇಲ್ಲ, ವ್ಯಾಪಾರ ಇಲ್ಲ. ಊರಿನ ಕೇಬಲ್‌ನವರು ರಾತ್ರಿ ಪರೀಕ್ಷೆಯಲ್ಲಿ 20 ಕೊಟ್ಟರೂ ಸಾಕು, ಅವರನ್ನೇ ಇಟ್ಟುಕೊಳ್ಳಿ.

ತೋಟಕ್ಕೆ ಸಿಸಿಟಿವಿ ಹಾಕಿ ಬೇರೆ ಊರಿನಿಂದ ನೋಡುವವರು ಮೊದಲು ಒಂದು ಕೇಳಿ. ಈಗ ಹೆಚ್ಚಿನ ಕಂಪನಿಯವರು ಒಂದೇ ಐಪಿ ವಿಳಾಸವನ್ನು (ಇಂಟರ್ನೆಟ್ಟಿನಲ್ಲಿ ನಿಮ್ಮ ಲೈನಿನ ಗುರುತಿನ ಸಂಖ್ಯೆ) ನೂರಾರು ಮನೆಗೆ ಹಂಚುತ್ತಾರೆ. ಆ್ಯಪ್ ಮೂಲಕ ನೋಡುವ ಹೊಸ ಕ್ಯಾಮೆರಾಗಳಿಗೆ ತೊಂದರೆಯಿಲ್ಲ. ಕ್ಯಾಮೆರಾದ್ದನ್ನು ರೆಕಾರ್ಡ್ ಮಾಡುವ ಹಳೇ ಡಿವಿಆರ್ ಪೆಟ್ಟಿಗೆಗೆ ಹೊರಗಿನಿಂದ ನೇರವಾಗಿ ಹೋಗಬೇಕಾದರೆ ನಿಮಗೇ ಮೀಸಲಾದ, ಬದಲಾಗದ ಸ್ಟ್ಯಾಟಿಕ್ ಐಪಿ ಬೇಕು, ಅದಕ್ಕೆ ಬೇರೆ ದುಡ್ಡು.

ಇನ್ನು ತೀರ್ಥಹಳ್ಳಿ ಕಡೆಯ ಓದುಗರಿಗೆ. ನಿಮ್ಮ ಮನೆ ತೋಟದ ನಡುವೆ ಅಂದಿರಿ, ಟವರು ಗುಡ್ಡದ ಆಚೆ ಅಂದಿರಿ. ಏರ್‌ಫೈಬರ್ ಬಿಡಿ. ಮಗನಿಗೆ ಬೆಂಗಳೂರಿನ ಮಹಡಿಯಲ್ಲಿ ಅದು ಚೆನ್ನಾಗಿ ಓಡುತ್ತಿರಬಹುದು, ನಿಮ್ಮಲ್ಲಿ ಜುಲೈಯಲ್ಲಿ ಓಡುವುದು ಅನುಮಾನ. ಉಳಿದದ್ದು ಬಿಎಸ್‌ಎನ್‌ಎಲ್ ಮತ್ತು ಕೇಬಲ್‌ನವರು. ಪಂಚಾಯ್ತಿಯಿಂದ ನಿಮ್ಮ ಮನೆಗೆ ಲೈನ್ ಎಳೆಯುವವರು ಯಾರು ಅಂತ ಈ ವಾರ ವಿಚಾರಿಸಿ. ಎಷ್ಟೋ ಊರಿನಲ್ಲಿ ಕೇಬಲ್‌ನವರೇ ಬಿಎಸ್‌ಎನ್‌ಎಲ್ ಪಾಲುದಾರರೂ ಆಗಿರುತ್ತಾರೆ. ಹಾಗಿದ್ದರೆ ಎರಡೂ ಕಡೆ ರಿಪೇರಿಗೆ ಬರುವುದು ಅದೇ ಹುಡುಗ, ಆಗ ರಾತ್ರಿ ಒಂಬತ್ತರ ವೇಗ ನೋಡಿ ತೀರ್ಮಾನಿಸಿ. ಬೇರೆ ಬೇರೆಯವರಾದರೆ, ಕಳೆದ ಮಳೆಗಾಲದಲ್ಲಿ ಯಾರು ಎಷ್ಟು ದಿನಕ್ಕೆ ಬಂದರು ಅಂತ ನೆರೆಮನೆಯವರನ್ನು ಕೇಳಿ. ಮೂರು ತಿಂಗಳ ದುಡ್ಡು ಮಾತ್ರ ಕಟ್ಟಿ. ಹಾಕಿದ ದಿನ ಪವರ್ ಮೀಟರಿನ ಅಂಕಿಯನ್ನು, ಆ ಹುಡುಗನ ನಂಬರನ್ನು ರೂಟರ್ ಮೇಲೆ ಒಂದು ಚೀಟಿಯಲ್ಲಿ ಬರೆದು ಅಂಟಿಸಿ.